ಮೇಲೇ ಹೊಡೆದ್ಬಿಡಾನ

ಬೆಳಿಗ್ಗೆ ಕಾಫಿ ಇನ್ನೂ ಗಂಟಲಿಗಿಳಿದಿರಲಿಲ್ಲ, ಟೈಲ್ಸ್ ಮೇಸ್ತ್ರಿ ಬಂದು ಅಡುಗೆಮನೆಯ ಗೋಡೆಯನ್ನು ಗೆಣ್ಣಿನಿಂದ ಕುಟ್ಟತೊಡಗಿದ. ಟಕ್ ಅಂದರೆ ಗಟ್ಟಿ, ಡಬ್ ಅಂದರೆ ಪೊಳ್ಳು. ಮೂಲೆಯಲ್ಲಿ ಎರಡೇ ಎರಡು ಡಬ್ ಸಿಕ್ಕವು. "ಇದನ್ನೆಲ್ಲ ಒಡೆಯೋದ್ಯಾಕೆ ಸಾಮಿ? ಮೇಲೇ ಹೊಡೆದ್ಬಿಡಾನ" ಅಂದ. ಸಲಹೆಯಲ್ಲಿ ತಪ್ಪಿರಲಿಲ್ಲ. ಅದನ್ನು ಹೇಳುವಾಗಿನ ಅವನ ಉಲ್ಲಾಸ ಯಾಕೋ ನನಗೆ ಸೇರಲಿಲ್ಲ.

ಹಳೇ ಟೈಲ್ಸ್ ಮೇಲೇ ಹೊಸದನ್ನು ಅಂಟಿಸುವ ರೀತಿ ಎಲ್ಲರಿಗೂ ಗೊತ್ತಿರುವುದೇ. ಪೊಳ್ಳಿರುವುದನ್ನು ಕಿತ್ತು ತುಂಬಬೇಕು, ಒಗ್ಗರಣೆಯ ಜಿಡ್ಡು ತೊಳೆಯಬೇಕು, ಗ್ರೈಂಡರ್ ಹಿಡಿದು ಹೊಳಪನ್ನು ತರಚಬೇಕು. ಆ ನುಣುಪಿಗೆ ಬರೀ ಸಿಮೆಂಟ್ ಹಿಡಿಯುವುದಿಲ್ಲ, ಮೂಟೆಯಲ್ಲಿ ಬರುವ ಗಮ್ಮೇ ಬೇಕು. ಗೋಡೆ ದಪ್ಪವಾಗಿ ನಲ್ಲಿ ಒಳಸೇರುತ್ತದೆ, ಸ್ವಿಚ್ ಬೋರ್ಡು ಹಳ್ಳಕ್ಕೆ ಬೀಳುತ್ತದೆ. ಅದಕ್ಕೊಂದು ನಿಪ್ಪಲ್, ಇದಕ್ಕೆ ಉದ್ದನೆಯ ಸ್ಕ್ರೂ. ಅಷ್ಟೇ.

ನನ್ನ ತಕರಾರು ಹಳೇ ಟೈಲ್ಸಿನ ಚಿತ್ರಗಳದ್ದು. ಸಾಲು ಬಿಟ್ಟು ಸಾಲು ದ್ರಾಕ್ಷಿ ಗೊಂಚಲು, ಪೇರು ಹಣ್ಣು, ನಡುನಡುವೆ ಹಬೆಯಾಡುವ ಪಿಂಗಾಣಿ ಕಪ್ಪು. ಸ್ಟೀಲ್ ಲೋಟದಲ್ಲಿ ಕುಡಿಯುವ ಮನೆಗೆ ಈ ಕಪ್ಪನ್ನು ಕರೆದವರ್‍ಯಾರು? ಮೊಳಕಾಲ್ಮುರು ಸೀಮೆಯ ನಮ್ಮ ಸಿದ್ದಾಪುರದ ಸುತ್ತ ಕಣ್ಣು ಹಾಯಿಸಿದರೆ ಶೇಂಗಾ ಹೊಲ. ಬೇರುಸಮೇತ ಕಿತ್ತ, ಮಣ್ಣು ಮೆತ್ತಿದ ಶೇಂಗಾ ಗಿಡ ಎಷ್ಟು ಚಂದ! ಅದನ್ನು ಒಬ್ಬನಾದರೂ ಟೈಲ್ಸಿನ ಮೇಲೆ ಬರೆದದ್ದುಂಟೆ? ಮುದ್ದೆ ಕೋಲು? ಒರಳುಕಲ್ಲು? ತಮಾಷೆಯೆಂದರೆ, ದೇಶದ ಬಹುಪಾಲು ಟೈಲ್ಸ್ ಹುಟ್ಟುವುದು ಸೌರಾಷ್ಟ್ರದ ಮೋರ್ಬಿಯಲ್ಲಿ. ಸೌರಾಷ್ಟ್ರವೂ ಶೇಂಗಾ ಸೀಮೆಯೇ. ಮಾಡುವವರದೂ ಶೇಂಗಾ, ಅಂಟಿಸಿಕೊಳ್ಳುವವರದೂ ಶೇಂಗಾ, ಗೋಡೆಗೆ ಮಾತ್ರ ದ್ರಾಕ್ಷಿ!

ಈಗ ಆ ದ್ರಾಕ್ಷಿ ಅಳಿಯುವುದೂ ಇಲ್ಲ, ಒಳಗೆ ಭದ್ರವಾಗಿ ಕೂರುತ್ತದೆ. ನಮ್ಮ ಮಗ್ಗುಲಿನ ಬ್ರಹ್ಮಗಿರಿಯದೂ ಇದೇ ಕಥೆ. ಮೊದಲು ಮೈಸೂರಿನ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಸಾಹೇಬರು ಅಗೆಯಲು ಬಂದರು. ತಳದಲ್ಲಿ ಕಲ್ಲುಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾಗೋರಿಗಳವರು, ಅವರ ಮೇಲೆ ವೀಲರ್ 'ಆಂಧ್ರ ಸಂಸ್ಕೃತಿ' ಎಂದು ಹೆಸರಿಟ್ಟ ಚಕ್ರದ ಮಡಕೆಯವರು. ಹಿಂದಿನವರ ಕಸವನ್ನು ಬಳಿದು ಊರಾಚೆ ಸಾಗಿಸುವ ತಂಟೆಗೆ ಯಾರೂ ಹೋಗಿರಲಿಲ್ಲ, ಮೇಲೇ ಹೊಡೆದಿದ್ದರು. ಹಾಗೆ ಹೊಡೆದದ್ದರಿಂದಲೇ ಸಾಹೇಬರಿಗೆ ಕೆಲಸ ಸಿಕ್ಕಿತು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಕಂಡಿದ್ದ ಗೆರೆಗೀರಿನ ಮಡಕೆಚೂರು ಇಲ್ಲೂ ಸಿಕ್ಕಾಗ ಅದನ್ನು ಹಿಡಿದು ಕಾಲ ಲೆಕ್ಕ ಹಾಕಿದರು. ನಾಳೆ ನಮ್ಮ ಗೋಡೆ ಅಗೆಯುವವನೂ ಮೋರ್ಬಿಯ ಪೇರು ಹಣ್ಣು ಹಿಡಿದೇ ಲೆಕ್ಕ ಹಾಕುತ್ತಾನೆ. ಮೊಳಕಾಲ್ಮುರು ಸೀಮೆಯವರು ಪೇರು ತಿಂದು ಪಿಂಗಾಣಿಯಲ್ಲಿ ಕುಡಿಯುತ್ತಿದ್ದರು ಎಂದು ಬರೆದರೆ ತಡೆಯುವವರ್‍ಯಾರು?

ಯಾರೂ ಮೇಲೆ ಹೊಡೆಯಲಾಗದಂತೆ ಬಂಡೆಯ ಮೇಲೆ ಕೊರೆದವನೇ ಜಾಣ ಅನ್ನಿಸುತ್ತದೆ. ಶಾಸನತಜ್ಞ ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಇವೆಯಲ್ಲ. ಸುವರ್ಣಗಿರಿಯಿಂದ ಇಸಿಲ ಎಂಬಲ್ಲಿನ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಕ್ಷೇಮ ಕೋರಿ ಶುರುವಾಗುತ್ತವೆ. ಕೊನೆಗೆ ಬರೆದವನ ಹೆಸರು: ಚಪಡ. ದೊರೆಯ ಮಾತೆಲ್ಲ ಬ್ರಾಹ್ಮಿಯಲ್ಲಿ, ತಾನು ಲಿಪಿಕಾರ ಎಂಬುದೊಂದನ್ನು ಮಾತ್ರ ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದು ದೂರದ ವಾಯವ್ಯ ಗಡಿಯ ಲಿಪಿ. ಇಲ್ಲಿ ಅದನ್ನು ಓದುವವರಿದ್ದರೋ ಇಲ್ಲವೋ, ಅವನಿಗೆ ಚಿಂತೆಯಿಲ್ಲ. ಇಷ್ಟು ಗತ್ತಿನ ಆಸಾಮಿಗೆ ಈ ಬಿಸಿಲಲ್ಲಿ ಊಟ ಏನು ಬಡಿಸಿದ್ದರೋ. ಹುರುಳಿ ಇತ್ತು, ಸರಿ. ಮೆಣಸಿನಕಾಯಿ ಇರಲಿಲ್ಲ. ಅಯ್ಯೋ, ಶೇಂಗಾವೂ ಇರಲಿಲ್ಲ. ಅದು ದಕ್ಷಿಣ ಅಮೆರಿಕದಿಂದ ಬಂದದ್ದು ಎಷ್ಟೋ ಶತಮಾನಗಳ ಆಮೇಲೆ. ಹಾಗಾದರೆ ಶೇಂಗಾ ಚಟ್ನಿಯಿಲ್ಲದೆ ನಮ್ಮವರು ಅಷ್ಟು ಕಾಲ ರೊಟ್ಟಿಗೆ ಏನು ನೆಂಚಿಕೊಳ್ಳುತ್ತಿದ್ದರು?