ಮುಳಬಾಗಿಲಿನಿಂದ ಕಾಮಿಕ್ ಕಾನ್‌ಗೆ: ಒಂದು ಚೀಲ, ಇನ್ನೂರು ಪುಸ್ತಕ!

ತಿರುಪತಿ ಬಸ್ಸಿನಲ್ಲಿ ಕೂತವರಿಗೆ ಮುಳಬಾಗಿಲು ಅಂದರೆ ಏನು ಸ್ವಾಮಿ? ಆಂಜನೇಯಸ್ವಾಮಿಗೆ ಒಂದು ನಮಸ್ಕಾರ, ತುಪ್ಪ ಹಾಕಿದ ಒಂದು ದೋಸೆ, ಒಂದು ಲೋಟ ಕಾಫಿ. ಕಂಡಕ್ಟರ್ ಸೀಟಿ ಊದಿದ, ಬಸ್ಸು ನಂಗಲಿ ಕಡೆ ಹೊರಟಿತು. ಅಷ್ಟೇ! ದೋಸೆಯ ಹೆಸರು ಬೆಂಗಳೂರಿನ ಹೋಟೆಲು ಬೋರ್ಡುಗಳ ತನಕ ಹೋಗಿದೆ. ಊರು ಮಾತ್ರ ಹಾದುಹೋಗುವವರ ಊರಾಗಿಯೇ ಉಳಿದಿದೆ.

ಆದರೆ ಈ ಊರಿನ ಹೆಸರೇ ಬಾಗಿಲು. ಮೂಡಲ ಬಾಗಿಲು. ಮೂಡಣದಿಂದ ಮೈಸೂರು ಸೀಮೆಗೆ ಬರುವವರು ಮೊದಲು ತಟ್ಟಬೇಕಾದ ಬಾಗಿಲು. 1768ರಲ್ಲಿ ಹೈದರಾಲಿಗೂ ಇಂಗ್ಲಿಷರಿಗೂ ಇಲ್ಲಿನ ಬಂಡೆಗಳ ನಡುವೆಯೇ ಕಾಳಗ ನಡೆಯಿತು. ಶ್ರೀಪಾದರಾಜರು ನೆಲೆಸಿದ ನರಸಿಂಹತೀರ್ಥ ಇಲ್ಲೇ ಇದೆ. ‘ಕಗ್ಗ’ದ ಡಿ.ವಿ.ಜಿ. 1887ರಲ್ಲಿ ಹುಟ್ಟಿದ್ದು ಇಲ್ಲೇ. ನಮ್ಮ ಸೌಂದರ್ಯ ಕೂಡ ಈ ತಾಲ್ಲೂಕಿನ ಮಗಳೇ! ತೆಲುಗು, ಕನ್ನಡ ಎರಡೂ ಕಡೆ ಮೆರೆದ ಆ ತಾರೆ ತಾನೇ ದುಡ್ಡು ಹಾಕಿ ‘ದ್ವೀಪ’ ನಿರ್ಮಿಸಿದಳು, ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಪಡೆದಳು. 2004ರ ಏಪ್ರಿಲ್ 17ರಂದು ಜಕ್ಕೂರಿನಲ್ಲಿ ವಿಮಾನ ಬಿದ್ದ ಸುದ್ದಿ ಕೇಳಿದ ದಿನ ಈ ಸೀಮೆ ಅತ್ತದ್ದನ್ನು ಹಿರಿಯರು ಇನ್ನೂ ಮರೆತಿಲ್ಲ.

ಬಾಗಿಲು ಅಂದ ಮೇಲೆ ಒಳಗೆ ಬರುವವರೂ ಇರುತ್ತಾರೆ, ಹೊರಗೆ ಹೋಗುವವರೂ ಇರುತ್ತಾರೆ. ಈ ವಾರ ಹೊರಗೆ ಹೋಗುವ ಒಬ್ಬ ಹುಡುಗನ ಜೊತೆ ನಾವೂ ಬಸ್ಸು ಹತ್ತೋಣ ಬನ್ನಿ. ಇದನ್ನು ಒಂದು ಚಿತ್ರಕಥೆ ಎಂದುಕೊಳ್ಳಿ. ನಾಯಕನಿಗೆ ಹೆಸರು ಬೇಡ, ಅವನ ಜಾಗದಲ್ಲಿ ನಿಮ್ಮನ್ನೇ ಕೂರಿಸಿಕೊಳ್ಳಿ. ಹುಡುಗ ಕಾಲ್ಪನಿಕ, ಆದರೆ ದಾರಿ, ಊರು, ಸಂತೆ ಎಲ್ಲ ನಿಜ.

ಕಥೆ ಸಿಕ್ಕಿದ್ದು ಕುರುಡುಮಲೆಯಲ್ಲಿ

ನಮ್ಮ ನಾಯಕ ಚಿತ್ರ ಬರೆಯುತ್ತಾನೆ. ಸಿನಿಮಾ ಪೋಸ್ಟರಲ್ಲ, ಗೋಡೆ ಬರಹವಲ್ಲ. ಕಾಮಿಕ್ಸ್! ಚೌಕ ಚೌಕದಲ್ಲಿ ಚಿತ್ರ, ಬಾಯಿಂದ ಹೊರಟ ಗುಳ್ಳೆಯಲ್ಲಿ ಮಾತು.

ಅವನಿಗೆ ಕಥೆ ಸಿಕ್ಕಿದ್ದು ಊರಿಂದ ಸುಮಾರು 10 ಕಿಲೋಮೀಟರ್ ದೂರದ ಕುರುಡುಮಲೆಯಲ್ಲಿ. ಅಲ್ಲಿನ 13.5 ಅಡಿ ಎತ್ತರದ ಏಕಶಿಲಾ ಗಣಪತಿಯನ್ನು ನೋಡಲು ಎಲ್ಲರೂ ಹೋಗುತ್ತಾರೆ. ಹತ್ತಿರದ ಸೋಮೇಶ್ವರ ಗುಡಿಗೆ ಹೋಗುವವರು ಕಡಿಮೆ. ಅಲ್ಲಿ ಊರಿನವರು ಒಂದು ಮಾತು ಹೇಳುತ್ತಾರೆ: ಈ ಗುಡಿಯ ಅರ್ಧ ಜಕಣಾಚಾರಿ ಕಡೆದದ್ದು, ಇನ್ನರ್ಧ ಮಗ ಡಂಕಣ ಕಡೆದದ್ದು. ಚರಿತ್ರೆಯವರು ಒಪ್ಪುತ್ತಾರೋ ಬಿಡುತ್ತಾರೋ, ಕಥೆ ಮಾತ್ರ ಭರ್ಜರಿ! ಅಪ್ಪನ ಕೈ ಎಲ್ಲಿ ನಿಂತಿತು, ಮಗನ ಕೈ ಎಲ್ಲಿ ಶುರುವಾಯಿತು?

ಜಕಣಾಚಾರಿ ನಮಗೇನೂ ಹೊಸಬನಲ್ಲ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’, 1964ರದ್ದು. ಕಲ್ಯಾಣ್ ಕುಮಾರ್ ಉಳಿ ಹಿಡಿದು ನಿಂತದ್ದನ್ನು ನೋಡಿದವರು ಮರೆಯುವುದುಂಟೇ? ಆದರೆ ಹುಡುಗನಿಗೆ ಬೇಕಾದ್ದು ಅಪ್ಪನ ಕಥೆಯಲ್ಲ, ಮಗನ ಕಥೆ. ಅರ್ಧ ಮುಗಿದ ಗುಡಿಯ ಎದುರು ನಿಂತ ಮಗ.

ಸರಿ, 32 ಪುಟ ಎಂದು ಲೆಕ್ಕ ಹಾಕಿದ. ನಡುವೆ ಪಿನ್ನು ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಹಗಲು ಕೆಲಸ, ರಾತ್ರಿ ಚಿತ್ರ. ಮೊದಲು ಪೆನ್ಸಿಲು, ಆಮೇಲೆ ಇಂಕು, ಆಮೇಲೆ ಅಕ್ಷರ. ಅಕ್ಷರದಲ್ಲಿ ಸಿಕ್ಕಿಬಿದ್ದ ನೋಡಿ! ಇಂಗ್ಲಿಷ್ ಅಕ್ಷರ ಸಾಲಾಗಿ ಸಿಪಾಯಿಗಳ ಹಾಗೆ ನಿಲ್ಲುತ್ತವೆ. ನಮ್ಮ ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಶಾಸ್ತ್ರ’ ಅಂತ ಬರೆದರೆ ಎರಡು ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತವೆ. ಅದಕ್ಕೇ ಮೊದಲು ಮಾತು ಬರೆದು, ಸುತ್ತ ಗುಳ್ಳೆ ಎಳೆದು, ಉಳಿದ ಜಾಗದಲ್ಲಿ ಚಿತ್ರ ಬರೆಯಬೇಕು ಎನ್ನುವುದನ್ನು ಆರು ಪುಟ ಹರಿದುಹಾಕಿದ ಮೇಲೆ ಕಲಿತ.

ಅವನಿಗಿಂತ ಮುಂಚೆ ನಡೆದವರು

ಕನ್ನಡದಲ್ಲಿ ಕಾಮಿಕ್ಸ್ ಯಾರು ಓದುತ್ತಾರೆ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ಇಡೀ ದೇಶ ಓದಿದ ‘ಅಮರ ಚಿತ್ರ ಕಥಾ’ ಹುಟ್ಟಿದ್ದು ಯಾವ ಭಾಷೆಯಲ್ಲಿ ಗೊತ್ತೇ? ಕನ್ನಡದಲ್ಲಿ! ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರಲ್ಲಿ ವಿದೇಶಿ ಮಕ್ಕಳ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಬಂದವು. ಆಮೇಲೆ ಬಂದ ‘ಕೃಷ್ಣ’ನಿಗೆ 11ನೇ ನಂಬರು ಬಿದ್ದದ್ದು ಅದಕ್ಕೇ. ಆ ಮಾಲೆಯನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು.

ಇನ್ನು ‘ಚಂದಮಾಮ’. ‘ಮಾಯಾಬಜಾರ್’ ಕೊಟ್ಟ ನಾಗಿರೆಡ್ಡಿ, ಚಕ್ರಪಾಣಿ ಜೋಡಿಯೇ ಅದನ್ನೂ ಕೊಟ್ಟದ್ದು. ಅದರ ಪುಟಗಳಿಗೆ ಬಣ್ಣ ತುಂಬಿದವರಲ್ಲಿ ನಮ್ಮ ಎಂ.ಟಿ.ವಿ. ಆಚಾರ್ಯರೂ ಒಬ್ಬರು. ‘ಇಂದ್ರಜಾಲ ಕಾಮಿಕ್ಸ್’ನ ಫ್ಯಾಂಟಮ್ ಕನ್ನಡ ಮಾತಾಡಿದ್ದನ್ನು ನಿಮ್ಮ ಅಣ್ಣಂದಿರನ್ನೋ ಅಪ್ಪಂದಿರನ್ನೋ ಕೇಳಿ. 1990ರಲ್ಲಿ ಆ ಅಂಗಡಿ ಮುಚ್ಚಿತು.

ತನ್ನ ಪುಸ್ತಕ ತಾನೇ ಮಾರುವುದು ಅವಮಾನವೇ? ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ನಡೆದು ಮಾರಿದರು. ಮುಳಬಾಗಿಲಿನ ಡಿ.ವಿ.ಜಿ. 1913ರಲ್ಲಿ ‘ಕರ್ನಾಟಕ’ ಎಂಬ ಸ್ವಂತ ಪತ್ರಿಕೆ ಶುರುಮಾಡಿದರು. ಈಚೆಗೆ ಬಂದರೆ, ಕುಂದಾಪುರದ ಸತೀಶ್ ಆಚಾರ್ಯ ದೊಡ್ಡ ಪತ್ರಿಕೆಗಳ ಹಂಗಿಲ್ಲದೆ ಊರಿನಲ್ಲೇ ಕೂತು ವ್ಯಂಗ್ಯಚಿತ್ರ ಬರೆದು ಲೋಕಕ್ಕೆಲ್ಲ ಕಳಿಸುತ್ತಾರೆ, ಸಂಕಲನಗಳನ್ನು ತಾವೇ ಪ್ರಕಟಿಸುತ್ತಾರೆ. ಕುಂದಾಪುರದಲ್ಲಿ ‘ಕಾರ್ಟೂನ್ ಹಬ್ಬ’ವೇ ನಡೆಯುತ್ತದೆ. ಸಿನಿಮಾದವರ ಲೆಕ್ಕದಲ್ಲಿ ಹೇಳುವುದಾದರೆ ಪವನ್ ಕುಮಾರ್ ಅವರ ‘ಲೂಸಿಯಾ’ ನೆನೆಸಿಕೊಳ್ಳಿ. ನಿರ್ಮಾಪಕರು ಸಿಗದೇ ಹೋದಾಗ 110 ಮಂದಿ ಸೇರಿ ಸುಮಾರು 51 ಲಕ್ಷ ಹಾಕಿದರು, 2013ರಲ್ಲಿ ಚಿತ್ರ ತೆರೆ ಕಂಡಿತು.

ಹುಡುಗನಿಗೆ ನೂರಹತ್ತು ಮಂದಿ ಎಲ್ಲಿ? ಅವನ ಹಿಂದಿದ್ದದ್ದು ಅಮ್ಮನ ಚೀಟಿ ದುಡ್ಡು.

“ಅಲ್ಲ ಕಣಪ್ಪಾ, ಸಿನಿಮಾದೋರಾದ್ರೆ ಊರೆಲ್ಲ ಪೋಸ್ಟರ್ ಅಂಟಿಸ್ತಾರೆ. ನಿನ್ ಪುಸ್ತಕ ಬಂದಿರೋದು ಯಾರಿಗ್ ಗೊತ್ತಾಗುತ್ತೆ?”

“ಅದಕ್ಕೇ ಅಮ್ಮ, ನಾನೇ ಹೋಗ್ತಿರೋದು.”

ಹಳೇ ಮದ್ರಾಸ್ ರಸ್ತೆ

ಮುಂಜಾನೆಯ ಬಸ್ಸು. ಮುಳಬಾಗಿಲಿನಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ಬಲಕ್ಕೆ ಎಡಕ್ಕೆ ಆನೆ ಮಲಗಿದ ಹಾಗೆ ಬಂಡೆಗಳು. ಕೋಲಾರದ ಹತ್ತಿರ ಟೊಮೇಟೊ ಲಾರಿಗಳ ಸಾಲು, ದೂರದಲ್ಲಿ ಅಂತರಗಂಗೆ ಬೆಟ್ಟ. ಕೆ.ಜಿ.ಎಫ್. ಕಡೆಯ ಸೈನೈಡ್ ದಿಬ್ಬ ಇಲ್ಲಿಂದ ಕಾಣದು, ಆದರೆ ಬಸ್ಸಿನಲ್ಲಿ ಯಾರಾದರೂ ಯಶ್ ಹೆಸರು ಎತ್ತದೆ ಬಿಡುವುದಿಲ್ಲ. 2001ರಲ್ಲಿ ಗಣಿ ಮುಚ್ಚಿ ಕೆಲಸ ಹೋಯಿತು, 2018ರಲ್ಲಿ ಅದೇ ದಿಬ್ಬ ತೆರೆ ಮೇಲೆ ದೇಶವೆಲ್ಲ ಓಡಿತು. ಎಂಥ ವಿಚಿತ್ರ ನೋಡಿ!

ನರಸಾಪುರದ ಕಾರ್ಖಾನೆಗಳು, ಹೊಸಕೋಟೆ, ಕೆ.ಆರ್. ಪುರದ ತೂಗುಸೇತುವೆ. ಅಲ್ಲಿ ಇಳಿದು ಮೆಟ್ರೋ ಹತ್ತಿದರೆ ವೈಟ್‌ಫೀಲ್ಡ್ ಕಡೆಗೆ. 2023ರ ಮಾರ್ಚ್‌ನಲ್ಲಿ ಆ ಮಾರ್ಗ ಶುರುವಾದ ಮೇಲೆ ಕೋಲಾರದ ಕಡೆಯವರಿಗೆ ದಾರಿ ಸಲೀಸಾಯಿತು. ಹುಡುಗನ ಚೀಲದಲ್ಲಿ ಇನ್ನೂರು ಪುಸ್ತಕ. ಹೆಗಲು ಬಿದ್ದು ಹೋಗುವಷ್ಟು ಭಾರ.

ಜಾತ್ರೆಯೋ ಜಾತ್ರೆ!

ಕಾಮಿಕ್ ಕಾನ್ ಅಂದರೆ ಕಾಮಿಕ್ಸ್ ಹುಚ್ಚರ ಜಾತ್ರೆ. ನಮ್ಮ ದೇಶದಲ್ಲಿ ಮೊದಲು ನಡೆದದ್ದು 2011ರ ಫೆಬ್ರವರಿಯಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಅಲ್ಲಿ ಅನಂತ ಪೈ ಅವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಕೊಟ್ಟರು. ಐದು ದಿನ ಕಳೆಯುವಷ್ಟರಲ್ಲಿ, ಫೆಬ್ರವರಿ 24ರಂದು, ಅವರು ತೀರಿಕೊಂಡರು. ಮರುವರ್ಷ, 2012ರಲ್ಲಿ, ಜಾತ್ರೆ ಬೆಂಗಳೂರಿಗೂ ಬಂತು. ಈಚಿನ ವರ್ಷಗಳಲ್ಲಿ ವೈಟ್‌ಫೀಲ್ಡ್‌ನ ಕೆ.ಟಿ.ಪಿ.ಓ. ಮೈದಾನದಲ್ಲಿ ನಡೆದಿದೆ.

ಒಳಗೆ ಹೋದರೆ ಕಣ್ಣು ಕೋರೈಸುತ್ತದೆ. ಬ್ಯಾಟ್‌ಮನ್ ಕಬ್ಬಿನ ಹಾಲಿಗೆ ಕ್ಯೂ ನಿಂತಿದ್ದಾನೆ! ಜಪಾನಿನ ಅನಿಮೆಯ ಕತ್ತಿ ಹಿಡಿದ ಹುಡುಗಿಯರು ಫೋಟೋಗೆ ನಿಲ್ಲುತ್ತಾರೆ. ಶಂಕರ್‌ನಾಗ್ ಸ್ಟೈಲಿನಲ್ಲಿ ಖಾಕಿ ಅಂಗಿ ತೊಟ್ಟು ಆಟೋ ಓಡಿಸಿದ ನಮ್ಮ ಅಭಿಮಾನಿಗಳಿಗೆ ಇದೇನೂ ಹೊಸದಲ್ಲ ಬಿಡಿ. ದೊಡ್ಡ ಕಂಪನಿಗಳ ಮಳಿಗೆ ಮುಂದೆ, ಹಿಂದಿನ ಸಾಲಿನಲ್ಲಿ ಒಂದೊಂದು ಮೇಜು ಹಿಡಿದ ಸ್ವತಂತ್ರ ಕಲಾವಿದರು. ಅಲ್ಲೇ ನಮ್ಮ ನಾಯಕ.

ಈಗ ಲೆಕ್ಕ ಕೇಳಿ. ಇದು ಉದಾಹರಣೆಯ ಲೆಕ್ಕ, ಆದರೆ ಮೇಜು ಹಿಡಿದವರೆಲ್ಲ ಹಾಕುವ ಲೆಕ್ಕ ಇದೇ ಜಾತಿಯದು. ಒಂದು ಪ್ರತಿಯ ಅಚ್ಚಿನ ಖರ್ಚು 60 ರೂಪಾಯಿ ಎನ್ನಿ, ಇನ್ನೂರಕ್ಕೆ 12,000. ಮೇಜಿನ ಬಾಡಿಗೆ 9,000 ಎನ್ನಿ. ಬೆಲೆ 150. ಪುಸ್ತಕಕ್ಕೆ 90 ರೂಪಾಯಿ ಉಳಿತಾಯ. ಅಂದರೆ ಬಾಡಿಗೆ ಹುಟ್ಟಬೇಕಾದರೇ ನೂರು ಪುಸ್ತಕ ಹೋಗಬೇಕು. ಎರಡು ದಿನ, ದಿನಕ್ಕೆ ಒಂಬತ್ತು ಗಂಟೆ ಎಂದರೆ ಹನ್ನೊಂದು ನಿಮಿಷಕ್ಕೊಂದು ಪುಸ್ತಕ! ಇನ್ನೂರೂ ಹೋದರೆ ಕೈಗೆ 9,000, ಅದರಲ್ಲಿ ಬಸ್ಸು, ಊಟ. ನೂರೇ ಹೋದರೆ 6,000 ಕೈಯಿಂದ ಹೋಯಿತು, ಮನೆಗೆ ನೂರು ಪುಸ್ತಕ ವಾಪಸ್ಸು.

ಅದಕ್ಕೇ ಪಕ್ಕದ ಮೇಜಿನವರು ಜಾಣರು. ಪುಸ್ತಕದ ಜೊತೆ ಸ್ಟಿಕ್ಕರು, ಬಿಲ್ಲೆ, ಕೀಚೈನು, ಗೋಡೆಗೆ ಅಂಟಿಸುವ ಚಿತ್ರ. ಕಥೆ ಓದಲು ಹತ್ತು ನಿಮಿಷ ಬೇಕು, ಸ್ಟಿಕ್ಕರು ನೋಡಲು ಒಂದು ಕ್ಷಣ ಸಾಕು.

ಮೊದಲ ದಿನ ಮಧ್ಯಾಹ್ನದ ತನಕ ಎಷ್ಟು ಹೋಯಿತು? ಹದಿನಾಲ್ಕು.

“ಬ್ರೋ, ಆರ್ಟ್ ಸೂಪರ್. ಇಂಗ್ಲಿಷ್‌ನಲ್ಲಿ ಇಲ್ವಾ?”

ಇದೇ ಪ್ರಶ್ನೆ ಎಷ್ಟು ಸಲ! ಇಲ್ಲಿ ಬರುವವರಲ್ಲಿ ದೇಶದ ಎಲ್ಲ ಕಡೆಯವರೂ ಇದ್ದಾರೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ಇಲ್ಲಿ ಮಾರಾಟ ಹೆಚ್ಚು. ಆದರೆ ಕುರುಡುಮಲೆಯ ಗುಡಿಯಲ್ಲಿ ಅವನಿಗೆ ಕಥೆ ಹೇಳಿದ ತಾತ ಅದನ್ನು ಓದುವಂತಿಲ್ಲ, ಅಮ್ಮ ಓದುವಂತಿಲ್ಲ. ಮುಳಬಾಗಿಲಿನ ಮನೆಗಳಲ್ಲಿ ತೆಲುಗು ಬೇರೆ! ಯಾವ ಭಾಷೆಯ ಗುಳ್ಳೆ? ಹುಡುಗನಿಗೆ ಈ ಪ್ರಶ್ನೆ ದುಡ್ಡಿಗಿಂತ ದೊಡ್ಡದಾಗಿ ಕೂತಿತು.

ಸಂಜೆಗೆ ಒಬ್ಬ ಮಧ್ಯವಯಸ್ಸಿನವರು ನಿಂತರು. ಮಗಳು ಯಾವುದೋ ಕಾರ್ಟೂನ್ ವೇಷದಲ್ಲಿದ್ದಳು.

“ಏನಪ್ಪಾ ಇದು, ಕನ್ನಡದಲ್ಲಿ ಇದೆಯಲ್ಲ! ನೀನೇ ಬರೆದದ್ದಾ?”

“ಹೌದು ಸಾರ್. ನಮ್ದು ಮುಳಬಾಗಿಲು.”

“ಇವಳಿಗೆ ಕನ್ನಡ ಓದೋಕೆ ಬೇಜಾರು. ಚಿತ್ರ ನೋಡ್ತಾ ಆದ್ರೂ ಓದ್ಲಿ. ಎರಡು ಕೊಡು.”

ಈ ಮಾತಿನಲ್ಲಿ ಹುಡುಗನಿಗೆ ವ್ಯಾಪಾರದ ಗುಟ್ಟು ಸಿಕ್ಕಿತು. ಮರುದಿನ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟ: ‘ಕನ್ನಡ ಕಾಮಿಕ್ಸ್ ಇಲ್ಲಿದೆ’. ನಿಂತು ನೋಡುವವರಿಗೆ ಮೊದಲ ಪುಟ ತಾನೇ ಓದಿ ಹೇಳತೊಡಗಿದ, ಥೇಟ್ ಹರಿಕಥೆ ದಾಸರ ಹಾಗೆ. ಭಾನುವಾರ ರಾತ್ರಿ ಮೇಜು ಖಾಲಿ ಮಾಡುವಾಗ ಒಟ್ಟು ಎಂಬತ್ತೆಂಟು ಹೋಗಿದ್ದವು. ಲೆಕ್ಕದಲ್ಲಿ ನಷ್ಟ 7,800. ನೋಟ್‌ಬುಕ್ಕಿನಲ್ಲಿ ಮುಂದಿನ ಪುಸ್ತಕ ಬಂದರೆ ತಿಳಿಸಿ ಎಂದು ನಲವತ್ತೊಂದು ಜನ ಬರೆದುಕೊಟ್ಟ ಫೋನ್ ನಂಬರು.

ಉಳಿದ ಪುಸ್ತಕ ಎಲ್ಲಿಗೆ?

ಕಾಮಿಕ್ ಕಾನ್ ಒಂದೇ ಬಾಗಿಲಲ್ಲ. ಹೊಸ ವರ್ಷದ ಶುರುವಿನಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ, 2003ರಿಂದ ನಡೆದುಬಂದದ್ದು. ರಸ್ತೆಯೇ ಗ್ಯಾಲರಿ, ಕೊಳ್ಳಲು ಬರುವವರಿಗೆ ಟಿಕೆಟ್ಟಿಲ್ಲ. ಟ್ರಿನಿಟಿ ಸರ್ಕಲ್ ಹತ್ತಿರ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಕಾರ್ಟೂನ್ ಗ್ಯಾಲರಿ 2007ರಿಂದ ಇದೆ, ಬರೆಯುವ ಹುಡುಗರು ಹಿರಿಯರ ಗೆರೆಯನ್ನು ಹತ್ತಿರದಿಂದ ನೋಡಿ ಕಲಿಯಬಹುದು. ಇನ್ನು ಕನ್ನಡ ಸಾಹಿತ್ಯ ಸಮ್ಮೇಳನ! 1915ರಲ್ಲಿ ಶುರುವಾದದ್ದು, 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೆಯದು ನಡೆಯಿತು. ವೇದಿಕೆಯ ಭಾಷಣ ಒಂದು ಕಡೆ, ಪುಸ್ತಕ ಮಳಿಗೆಯ ನೂಕುನುಗ್ಗಲು ಒಂದು ಕಡೆ. ಅಲ್ಲಿ ಯಾರೂ ‘ಇಂಗ್ಲಿಷ್‌ನಲ್ಲಿ ಇಲ್ವಾ’ ಎಂದು ಕೇಳುವುದಿಲ್ಲ!

ಪುಸ್ತಕದಂಗಡಿಗಳಿಗೂ ಕೊಡಬಹುದು, ಆದರೆ ಬೆಲೆಯಲ್ಲಿ ದೊಡ್ಡ ಪಾಲು ಕಮಿಷನ್ನಿಗೇ ಹೋಗುತ್ತದೆ. ಸಿನಿಮಾದಲ್ಲಿ ಹಂಚಿಕೆದಾರ ಇದ್ದ ಹಾಗೆ. ಅವನಿಲ್ಲದೆ ಚಿತ್ರ ಡಬ್ಬದಲ್ಲಿ, ಅವನಿದ್ದರೆ ದುಡ್ಡು ಅವನ ಜೇಬಿನಲ್ಲಿ.

ನಮ್ಮ ನಾಯಕ ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಮುಳಬಾಗಿಲು ಬಸ್ ಸ್ಟ್ಯಾಂಡಿನ ಪತ್ರಿಕೆ ಅಂಗಡಿಗೆ ಹೋದ.

“ಅಣ್ಣಾ, ಹತ್ತು ಕಾಪಿ ಇಟ್ಕೊಳ್ತೀರಾ? ಮಾರಿದ್ರೆ ದುಡ್ಡು ಕೊಡಿ, ಇಲ್ಲಾಂದ್ರೆ ವಾಪಸ್ ತಗೋತೀನಿ.”

ಅಂಗಡಿಯವರು ತಿರುವಿ ಹಾಕಿದರು. “ಹೀರೋ ಯಾರಪ್ಪಾ ಇದ್ರಲ್ಲಿ?”

“ಜಕಣಾಚಾರಿ ಮಗ ಅಣ್ಣಾ. ನಮ್ ಕುರುಡುಮಲೆ ಗುಡಿ.”

“ನಮ್ ಕುರುಡುಮಲೆನಾ? ಕೊಡು, ಮುಂದೆ ಸಾಲಲ್ಲೇ ಹಾಕ್ತೀನಿ.”

ಕ್ಲಿಪ್ಪು ಹಾಕಿ ದಾರಕ್ಕೆ ತೂಗುಹಾಕಿದರು. ಪಕ್ಕದಲ್ಲಿ ಸಿನಿಮಾ ಪತ್ರಿಕೆಗಳು, ರಾಶಿಫಲ, ಅಡುಗೆ ಪುಸ್ತಕ.

ಇಷ್ಟೇ ಕಥೆ. ಆದರೆ ಇಂಥ ಹುಡುಗರು ಕರ್ನಾಟಕದ ಯಾವ ತಾಲ್ಲೂಕಿನಲ್ಲಿ ಇರಲಾರರು ಹೇಳಿ? ಹೊಸ ನಾಯಕನ ಮೊದಲ ಚಿತ್ರಕ್ಕೆ ಮೊದಲ ದಿನ ಮೊದಲ ಆಟಕ್ಕೆ ಹೋಗಿ ಶಿಳ್ಳೆ ಹಾಕುವವರು ನೀವು. ಮುಂದಿನ ಸಲ ಬಸ್ಸಿಗೆ ಕಾಯುವಾಗ ಆ ದಾರದಲ್ಲಿ ಹೆಸರು ಕೇಳದ ಒಂದು ಕನ್ನಡ ಕಾಮಿಕ್ಸ್ ನೇತಾಡುತ್ತಿದ್ದರೆ ಕೆಳಗಿಳಿಸಿ, ಎರಡು ಪುಟ ಓದಿ. ಹಿಡಿಸಿದರೆ ಕೊಳ್ಳಿ, ಹಿಡಿಸದಿದ್ದರೆ ಬರೆದವನಿಗೆ ಒಂದು ಮಾತು ಬರೆದು ತಿಳಿಸಿ. ಬಸ್ಸು ಬರಲು ಇನ್ನೂ ಹೊತ್ತಿದೆ.