ಹಡಗು ಬಂತು, ಊರಿಗೇನು ಬಂತು?

ಮಂಗಳೂರಿನ ಪಣಂಬೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬರ್ತವೆ. ಬೆಳಿಗ್ಗೆ ಇಳಿದವರು ಸಂಜೆಯೊಳಗೆ ಮತ್ತೆ ಹಡಗು ಹತ್ತಬೇಕು. ಅಷ್ಟರೊಳಗೆ ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಮಾರುಕಟ್ಟೆ. ದೂರ ಹೋಗುವವರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ.

ನಾನು ಚಾಪೆಲ್‌ಗೆ ಹೋದ ದಿನ ಅಂಥದೊಂದು ಗುಂಪು ಅಲ್ಲಿತ್ತು. ಆಂಟೋನಿಯೊ ಮೊಸ್ಕೇನಿ ಗೋಡೆ, ಛಾವಣಿ ತುಂಬಾ ಬಿಡಿಸಿದ ಚಿತ್ರಗಳನ್ನು ಅವರು ಕತ್ತೆತ್ತಿ ನೋಡ್ತಿದ್ರೆ, ಗೈಡ್ ವಾಚ್ ನೋಡ್ತಿದ್ದರು. ಹೊರಗೆ ಎಸಿ ಬಸ್ ಕಾಯ್ತಿತ್ತು. ಆಚೆ ಆಟೋದವರೂ ಕಾಯ್ತಿದ್ರು. ಎಲ್ಲರೂ ಹತ್ತಿದ್ದು ಬಸ್ಸನ್ನೇ.

ಲೆಕ್ಕ ಸರಳ. ಊಟ, ಹಾಸಿಗೆ ಹಡಗಿನ ಟಿಕೆಟ್‌ನಲ್ಲೇ ಸೇರಿರುತ್ತೆ, ಹಾಗಾಗಿ ಊರಿನ ಲಾಡ್ಜು, ಹೋಟೆಲಿಗೆ ಸಿಗೋದು ಕಡಿಮೆ. ಸುತ್ತಾಟವನ್ನೂ ಹಡಗಿನಲ್ಲೇ ಬುಕ್ ಮಾಡಿದ್ರೆ ಅದರಲ್ಲೂ ಕಂಪನಿಗೆ ಪಾಲು. ವೆನಿಸ್‌ನಲ್ಲಿ ಜನ, ಹಡಗು ಎರಡೂ ಅತಿಯಾಗಿ, 2021ರಲ್ಲಿ ದೊಡ್ಡ ಹಡಗುಗಳನ್ನು ನಗರದ ನಡುವಿನ ಕಾಲುವೆಯಿಂದ ಹೊರಗಿಡಬೇಕಾಯ್ತು. ನಮ್ಮ ಚಿಂತೆ ಬೇರೆ: ಬಂದವರು ಇಳೀತಾರೆ, ಅವರ ಕಾಸು ಪೂರ್ತಿ ಇಳಿಯಲ್ಲ.

ಅದಕ್ಕೆ ಇನ್ನೊಂದು ದೊಡ್ಡ ಕಟ್ಟಡ ಬೇಡ. ನಿಗದಿತ ದರದ ಆಟೋ, ಪೇಟೆಯಲ್ಲಿ ಒಂದು ಗಂಟೆ ಬಿಡುವು, ಬಿಸಿ ಗೋಳಿಬಜೆ ಸಾಕು. ಆಮೇಲೆ ಅವರು ಮಂಗಳೂರು ನೋಡಿದ್ವಿ ಅನ್ನಬಹುದು.