ಈಶ್ವರಿ ಬಳ್ಳಿ

ಕ್ರಿಮ್ಸನ್ ರೋಸ್ ಎಂಬ ಕಪ್ಪು-ಕೆಂಪು ಚಿಟ್ಟೆ ಬರಲೆಂಬ ಆಸೆಯಿಂದ ಹಿತ್ತಿಲ ಬೇಲಿಗೆ ಈಶ್ವರಿ ಬಳ್ಳಿಯನ್ನು ಹಬ್ಬಿಸಿದ್ದೆ. (ಹಾವಿನ ವಿಷಕ್ಕೆ ಇದು ಮದ್ದೆಂಬ ಮಾತನ್ನು ನಂಬಬೇಡಿ, ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಗಳಿಗೆ ಅಪಾಯಕಾರಿ.) ಎರಡನೆಯ ಮಳೆಗಾಲದಲ್ಲಿ ತುತ್ತೂರಿಯಂತಹ ಪುಟ್ಟ ಹೂಗಳು ಬಿಟ್ಟವು. ಚಿಟ್ಟೆ ಮಾತ್ರ ಕಾಣಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಎಲೆಗಳು ಅರ್ಧಕ್ಕರ್ಧ ಖಾಲಿ. ದಂಟಿನ ತುಂಬ ಕೆಂಪು ಮುಳ್ಳುಗಳ ಕಪ್ಪು ಹುಳುಗಳು. ಸಿಟ್ಟಿನಿಂದ ಏಳೆಂಟನ್ನು ಆರಿಸಿ ಸೋಪಿನ ನೀರಿಗೆ ಹಾಕಿದೆ.

ಸಂಜೆ ಕಾಫಿ ಕುಡಿಯುವಾಗ ಹೊಳೆಯಿತು. ಮೊಟ್ಟೆ, ಕಂಬಳಿಹುಳು, ಪ್ಯೂಪ, ಚಿಟ್ಟೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ಬರೆದವನು ನಾನೇ. ಚಿತ್ರ ಅಂದವಾಗಿಲ್ಲವೆಂದು ನಿಮ್ಮಲ್ಲಿ ಕೆಲವರ ಅಂಕ ಕಳೆದದ್ದೂ ಉಂಟು! ಆ ಹೂಗಳ ಪರಾಗಸ್ಪರ್ಶ ಸಣ್ಣ ನೊಣಗಳ ಕೆಲಸ. ಚಿಟ್ಟೆ ಈ ಬಳ್ಳಿಯನ್ನು ಅರಸಿ ಬರುವುದು ಮೊಟ್ಟೆಯಿಡಲು.

ಎಲೆಯಡಿ ಎರಡು ಹುಳುಗಳು ಉಳಿದಿದ್ದವು. ಎಲೆಯ ವಿಷವೇ ಮೈಗೂಡಿ ಅವುಗಳಿಗೆ ರಕ್ಷೆಯಾಗುವುದರಿಂದ ಹಕ್ಕಿಗಳು ಮುಟ್ಟುವುದು ಕಡಿಮೆ, ನನ್ನಂಥವರದೇ ಭಯ. ಒಂದು ಕಣ್ಮರೆಯಾಯಿತು. ಇನ್ನೊಂದು ಗೋಡೆಯ ಮೂಲೆಯಲ್ಲಿ ಪ್ಯೂಪವಾಯಿತು. ಸುಮಾರು ಎರಡು ವಾರ ದಿನವೂ ಹೋಗಿ ನೋಡಿದೆ. ಕೊನೆಗೊಂದು ದಿನ ಒಡೆದ ಸಿಪ್ಪೆಯಷ್ಟೇ ಇತ್ತು, ಹಾರಿದ್ದನ್ನು ಕಾಣಲಾಗಲಿಲ್ಲ.

ಬಳ್ಳಿ ಮತ್ತೆ ಚಿಗುರಿತು. ಈಗ ಕಾಯಿಗಳು ಒಣಗಿ ತೂಗುಬುಟ್ಟಿಗಳಂತೆ ಬಿರಿದಿವೆ. ಬೀಜ ಬೇಕಾದವರು ಮನೆಗೆ ಬನ್ನಿ.